‘ಡಿಸ್‌ಪ್ಲೇ ಬರವಲ್ದು’, ‘ಬೂಟ್ ಆಗವಲ್ದು’: ಹಳೆಯ ಗಣಕಗಳಲ್ಲಿ ಲಿನಕ್ಸ್ ಸ್ಥಾಪನೆಯ ತೊಡಕುಗಳು — ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ನೆಲೆಯಿಂದ

ಕೆಟ್ಟ ಕಂಪ್ಯೂಟರನ್ನು ರಿಪೇರಿಗೆ ತರುವವರು ನಮ್ಮ ಸೀಮೆಯಲ್ಲಿ ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾತು ಹೇಳುತ್ತಾರೆ: ‘ಡಿಸ್‌ಪ್ಲೇ ಬರವಲ್ದು’, ಇಲ್ಲವೇ ‘ಬೂಟ್ ಆಗವಲ್ದು’. ‘ಬರಲು ಒಲ್ಲದು’ ಎಂಬುದೇ ಉತ್ತರ ಕರ್ನಾಟಕದ ಬಾಯಲ್ಲಿ ‘ಬರವಲ್ದು’ ಆಗಿದೆ. ಕೇಳಲು ಎರಡೂ ಒಂದೇ ದೂರಿನಂತಿದ್ದರೂ ಅರ್ಥದಲ್ಲಿ ಬಹಳ ಅಂತರವಿದೆ. ಮೊದಲನೆಯದರಲ್ಲಿ ಯಂತ್ರ ತನ್ನ ಮೆಮೊರಿ, ಪರದೆಗಳನ್ನು ತಾನೇ ಪರೀಕ್ಷಿಸಿಕೊಳ್ಳುವ ಹಂತವನ್ನೇ ದಾಟಿಲ್ಲ. ಎರಡನೆಯದರಲ್ಲಿ ದಾಟಿದೆ, ಆದರೆ ಡಿಸ್ಕಿನಿಂದ ಕಾರ್ಯವ್ಯವಸ್ಥೆಯನ್ನು ಎತ್ತಿಕೊಳ್ಳಲಾಗಿಲ್ಲ. ರೋಗ ಎಲ್ಲಿದೆ ಎಂಬುದರ ಅರ್ಧ ಉತ್ತರ ಗಿರಾಕಿಯ ಮಾತಿನಲ್ಲೇ ಇದೆ. ಆದರೂ ಎರಡಕ್ಕೂ ನಾವು ಕೊಡುವ ಮದ್ದು ಒಂದೇ: ‘ಫಾರ್ಮ್ಯಾಟ್ ಹೊಡದ ಬಿಡ್ರಿ ಸರ.’ ಹಳೆಯ ಯಂತ್ರಕ್ಕೆ ಲಿನಕ್ಸ್ ಹಾಕುವವರು ‘ಏನು ಕೆಟ್ಟಿದೆ’ ಎಂದು ಕೇಳುವ ಮೊದಲು ‘ಎಲ್ಲಿ ನಿಂತಿತು’ ಎಂದು ಕೇಳಬೇಕು ಎಂಬುದು ಈ ಲೇಖನದ ವಾದ.

ಈ ಪ್ರಶ್ನೆಗೆ ಈಗ ತುರ್ತು ಬಂದಿದೆ. ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟಿನ ಬೆಂಬಲ 2014ರ ಏಪ್ರಿಲ್‌ನಲ್ಲಿ ನಿಂತಿತು; ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುವುದರಿಂದ, ಕೆಲಸಕ್ಕೆ ಯೋಗ್ಯವಾಗಿಯೇ ಇರುವ ಎಷ್ಟೋ ಯಂತ್ರಗಳು ಹೊರಗುಳಿಯುತ್ತವೆ. ಅವುಗಳಿಗೆ ಲಿನಕ್ಸ್ ಸಹಜ ದಾರಿ. ಕರ್ನಾಟಕದ ಪ್ರೌಢಶಾಲಾ ಶಿಕ್ಷಕರಿಗೆ ಅದು ಹೊಸದೂ ಅಲ್ಲ: ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆ ಜೊತೆಯಾಗಿ 2011ರ ಸುಮಾರಿಗೆ ಆರಂಭಿಸಿದ ವಿಷಯ ಶಿಕ್ಷಕರ ವೇದಿಕೆಯಲ್ಲಿ ತರಬೇತಿ ನಡೆದದ್ದು ಸ್ವತಂತ್ರ ತಂತ್ರಾಂಶಗಳ ಮೇಲೆಯೇ.

ಆದರೆ ಲಿನಕ್ಸ್ ಕೂಡ ಹಳತನ್ನು ಕೈಬಿಡುತ್ತ ಸಾಗುತ್ತದೆ. 2013ರಲ್ಲಿ ಬಂದ, ಲಿನಕ್ಸಿನ ತಿರುಳಾದ ಕರ್ನಲ್ 3.8ರಿಂದ 386 ಪ್ರೊಸೆಸರಿನ ಬೆಂಬಲ ತೆಗೆಯಲಾಯಿತು. ಲಿನಕ್ಸಿನ ಒಂದು ರೂಪವಾದ ಉಬುಂಟುವಿನಲ್ಲಿ 19.10ರಿಂದ 32 ಬಿಟ್ ಯಂತ್ರಗಳಿಗೆ ಸ್ಥಾಪನೆಯೇ ಇಲ್ಲ. 2025ರ ಆಗಸ್ಟ್‌ನಲ್ಲಿ ಬಂದ, ಇನ್ನೊಂದು ರೂಪವಾದ ಡೆಬಿಯನ್ 13 ಕೂಡ 32 ಬಿಟ್ ಪಿಸಿಗೆ ಇನ್‌ಸ್ಟಾಲರ್ ಕೊಡುವುದನ್ನು ನಿಲ್ಲಿಸಿತು. ಆದ್ದರಿಂದ ಯಂತ್ರ ಯಾವ ವರ್ಷದ್ದು, ಪೆನ್‌ಡ್ರೈವಿನಲ್ಲಿರುವ ವ್ಯವಸ್ಥೆ ಯಾವ ವರ್ಷದ್ದು ಎಂದು ಹೊಂದಿಸಿ ನೋಡುವುದು ಮೊದಲ ಕೆಲಸ. 2006ರ ಕೋರ್ 2 ಡ್ಯುಯೋ 64 ಬಿಟ್‌ನದು. ಅದಕ್ಕಿಂತ ಎರಡು ವರ್ಷ ಕಿರಿಯದಾದ ಆಟಂ ಎನ್270 ಇರುವ ಚಿಕ್ಕ ಲ್ಯಾಪ್‌ಟಾಪ್ ಬರೀ 32 ಬಿಟ್‌ನದು. ವಯಸ್ಸೊಂದನ್ನೇ ನೋಡಿ ತೀರ್ಮಾನಿಸಿದರೆ ಎಡವುವುದು ಇಲ್ಲಿಯೇ.

ಈಗ, ಬೂಟ್ ನಿಲ್ಲುವುದಕ್ಕೆ ನಮ್ಮ ಸೀಮೆಗೆ ನೇರವಾಗಿ ತಟ್ಟುವ ಒಂದು ಕಾರಣಕ್ಕೆ ಬರುತ್ತೇನೆ. ಗೋಕಾಕ ಜಲಪಾತದಲ್ಲಿ ವಿದ್ಯುತ್ ಉತ್ಪಾದನೆ 1887ರಷ್ಟು ಹಿಂದೆಯೇ ಆರಂಭವಾಯಿತೆಂದು ಹೇಳುತ್ತಾರೆ. ಹುಕ್ಕೇರಿ ತಾಲ್ಲೂಕಿನ ಹಳ್ಳಿಗಳಿಗೆ ಕರೆಂಟು ಹಂಚುವುದು 1969ರ ಗ್ರಾಮೀಣ ವಿದ್ಯುತ್ ಸಹಕಾರ ಸಂಘ. ವಿದ್ಯುತ್ತಿನೊಡನೆ ಇಷ್ಟು ಹಳೆಯ ನಂಟಿರುವ ನೆಲದಲ್ಲೂ ಕಂಪ್ಯೂಟರಿನ ಪ್ಲಗ್ ಕೀಳುವ ರೂಢಿ ಗಟ್ಟಿಯಾಗಿದೆ. ಗುಡುಗು ಸಿಡಿಲಿನ ಭಯಕ್ಕೆ ಮನೆಗಳಲ್ಲಿ ದಿನವೂ ರಾತ್ರಿ ಕೀಳುತ್ತಾರೆ; ಶಾಲೆಗಳಲ್ಲಿ ಏಪ್ರಿಲ್–ಮೇ ರಜೆಯುದ್ದಕ್ಕೂ ಕಿತ್ತಿಡುತ್ತಾರೆ. ಅದು ತಪ್ಪಲ್ಲ. ಆದರೆ ಮದರ್‌ಬೋರ್ಡಿನ ಮೇಲೆ ಸಿಆರ್2032 ಎಂಬ 3 ವೋಲ್ಟಿನ ಬಿಲ್ಲೆ ಸೆಲ್ ಒಂದಿದೆ. ಪ್ಲಗ್ ಇರುವವರೆಗೆ ಯಂತ್ರದ ಗಡಿಯಾರ ವಿದ್ಯುತ್ ಪೂರೈಸುವ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ನ ಸ್ಟ್ಯಾಂಡ್‌ಬೈ ವಿದ್ಯುತ್ತಿನಿಂದ ನಡೆಯುತ್ತದೆ; ಕಿತ್ತ ಕ್ಷಣದಿಂದ ಭಾರವೆಲ್ಲ ಈ ಸೆಲ್ಲಿನ ಮೇಲೆ. ಹೀಗಾಗಿ ದಿನವೂ ಪ್ಲಗ್ ಕೀಳುವ ಮನೆಯ ಸೆಲ್, ಪ್ಲಗ್ ಹಾಕಿಯೇ ಇರುವ ಕಚೇರಿಯ ಸೆಲ್ಲಿಗಿಂತ ಬೇಗ ಸಾಯುತ್ತದೆ.

ಸೆಲ್ ಸತ್ತರೆ ಎರಡು ಅನಾಹುತ. ಯಂತ್ರವನ್ನು ಮೊದಲು ಎಬ್ಬಿಸುವ ಬಯಾಸ್‌ನಲ್ಲಿ ನಾವು ಮಾಡಿಟ್ಟ ಸೆಟ್ಟಿಂಗ್ ಅಳಿಸಿ, ಬೂಟ್ ಆರ್ಡರ್ ಕಾರ್ಖಾನೆಯ ಮೂಲಕ್ಕೆ ಮರಳುತ್ತದೆ. ಡಿಸ್ಕ್ ನೆಟ್ಟಗಿದ್ದರೂ ‘ಬೂಟ್ ಡಿವೈಸ್ ಇಲ್ಲ’ ಎಂಬ ಸಾಲು ಬರುತ್ತದೆ. ಎರಡನೆಯದು, ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಜಾರುತ್ತದೆ. ಲಿನಕ್ಸಿನ ಡಿಸ್ಕ್ ತಪಾಸಣೆಗೆ ಇದು ಗೊಂದಲ: ಈ ಪಾರ್ಟಿಶನ್ ಕೊನೆಯ ಸಲ ಬಳಕೆಯಾದದ್ದು ‘ಮುಂದೆ ಬರಲಿರುವ’ ದಿನದಂದು ಎಂದು ಅದಕ್ಕೆ ಕಾಣುತ್ತದೆ. ಬೂಟ್ ಆದ ಮೇಲೂ ತೊಂದರೆ ಮುಗಿಯುವುದಿಲ್ಲ. ತಂತ್ರಾಂಶ ಭಂಡಾರದ ಸಹಿ ಇನ್ನೂ ಜಾರಿಗೆ ಬಂದಿಲ್ಲವೆಂದು ಅಪ್‌ಡೇಟ್ ನಿರಾಕರಿಸುತ್ತದೆ. ಬ್ರೌಸರ್ ಸುರಕ್ಷಿತ ಜಾಲತಾಣಗಳನ್ನು ತೆರೆಯುವುದಿಲ್ಲ.

ನನ್ನಿಂದ ಆದ ಒಂದು ತಪ್ಪನ್ನು ಇಲ್ಲಿ ದಾಖಲಿಸಬೇಕು. ಹುಕ್ಕೇರಿ ಕಡೆಯ ಒಂದು ಹಳ್ಳಿಯ ಮನೆಯಲ್ಲಿ ‘ಬೂಟ್ ಆಗವಲ್ದು’ ಎಂದ ಯಂತ್ರವನ್ನು, ಡಿಸ್ಕ್ ಕೆಟ್ಟಿದೆ ಎಂದೇ ನಂಬಿ, ನಾನು ಫಾರ್ಮ್ಯಾಟ್ ಮಾಡಿ ಲಿನಕ್ಸ್ ಹಾಕಿದೆ. ಅದಾದ ಮೇಲೂ ‘ಬೂಟ್ ಡಿವೈಸ್ ಇಲ್ಲ’ ಎಂಬ ಅದೇ ಸಾಲು ಬಂತು. ಆಗ ಬಯಾಸ್ ತೆರೆದು ತಾರೀಖು ನೋಡಿದೆ, ಸೆಲ್ ಬದಲಿಸಿ ಬೂಟ್ ಆರ್ಡರ್ ಸರಿಪಡಿಸಿದೆ, ಯಂತ್ರ ಎದ್ದಿತು. ಆದರೆ ಆ ಮನೆಯ ಹಿರಿಯರು ವರ್ಷಗಟ್ಟಲೆ ನುಡಿ ತಂತ್ರಾಂಶದಲ್ಲಿ ಬೆರಳಚ್ಚಿಸಿಟ್ಟ ಬರಹ ಹೋಗಿಯೇ ಬಿಟ್ಟಿತ್ತು. ಅವರು ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿನಿಂದ ನಾನು ಡಿಸ್ಕನ್ನು ಮುಟ್ಟುವ ಮೊದಲು ತಾರೀಖು ನೋಡುತ್ತೇನೆ. ‘ಡಿಸ್‌ಪ್ಲೇ ಬರವಲ್ದು’ ಎಂದರೆ ರ‍್ಯಾಮ್ ಬಿಚ್ಚಿ, ಅದರ ಬಂಗಾರದ ಬಣ್ಣದ ಹಲ್ಲುಗಳನ್ನು ರಬ್ಬರಿನಿಂದ ಮೆಲ್ಲಗೆ ಉಜ್ಜಿ ಮತ್ತೆ ಕೂರಿಸುತ್ತೇನೆ. ಬೇಸಿಗೆಯ ಧೂಳಿನ ನಮ್ಮ ಊರುಗಳಲ್ಲಿ ಹಲವು ಸಲ ಅಷ್ಟರಲ್ಲೇ ಕೆಲಸ ಮುಗಿಯುತ್ತದೆ.

ಸೆಲ್ಲಿನಾಚೆಯ ಹಂತ ಡಿಸ್ಕಿನ ಮೊದಲ 512 ಬೈಟ್. ಅದರಲ್ಲಿ 446 ಬೈಟ್ ಬೂಟ್ ಕೋಡ್, 64 ಬೈಟ್ ಪಾರ್ಟಿಶನ್ ಪಟ್ಟಿ, ಉಳಿದ 2 ಬೈಟ್ ಗುರುತಿನ ಮೊಹರು. ಇಷ್ಟು ಚಿಕ್ಕ ಜಾಗದಲ್ಲಿ ಗ್ರಬ್ ಎಂಬ ಬೂಟ್‌ಲೋಡರ್ ಪೂರ್ತಿ ಹಿಡಿಯದು. ಅದರ ಬಾಗಿಲಷ್ಟೇ ಇಲ್ಲಿರುತ್ತದೆ, ಒಳಮನೆ ಬೇರೆಡೆ. ಪಾರ್ಟಿಶನ್‌ಗಳನ್ನು ಅಳಿಸಿ ಬದಲಿಸಿದರೆ ಬಾಗಿಲಿಗೆ ಒಳಮನೆಯ ವಿಳಾಸ ಸಿಗದೆ ‘ಗ್ರಬ್ ರೆಸ್ಕ್ಯೂ’ ಎಂದು ನಿಲ್ಲುತ್ತದೆ. ‘ಎಲ್‌ಎಸ್’ ಎಂದು ಕೇಳಿ ಪಾರ್ಟಿಶನ್ ಹುಡುಕಿ, ‘ಪ್ರಿಫಿಕ್ಸ್’ಗೆ ಸರಿಯಾದ ವಿಳಾಸ ಕೊಟ್ಟು, ‘ನಾರ್ಮಲ್’ ಮಾಡ್ಯೂಲ್ ಹಾಕಿದರೆ ಮೆನು ಮರಳುತ್ತದೆ. ಒಳಗೆ ಹೋದ ಮೇಲೆ ಗ್ರಬ್ಬನ್ನು ಮತ್ತೊಮ್ಮೆ ಸ್ಥಾಪಿಸಲೇಬೇಕು, ಇಲ್ಲವಾದರೆ ಮರುದಿನ ಅದೇ ಕಥೆ.

ಹಳೆಯ ಬಯಾಸ್‌ಗಳ ಒಂದು ಮಿತಿ ಇದಕ್ಕಿಂತ ಮೋಸದ್ದು. 28 ಬಿಟ್ ವಿಳಾಸವನ್ನಷ್ಟೇ ಬಲ್ಲ ಬಯಾಸ್ ಡಿಸ್ಕಿನ ಮೊದಲ 137 ಜಿಬಿಯಾಚೆ ನೋಡಲಾರದು. ಗ್ರಬ್ ಓದುವುದು ಬಯಾಸಿನ ಕಣ್ಣಿನಿಂದ. ಕರ್ನಲ್ ಎದ್ದ ಮೇಲೆ ತನ್ನದೇ ಡ್ರೈವರಿನಿಂದ ಇಡೀ ಡಿಸ್ಕ್ ಓದುತ್ತದೆ. ಆದ್ದರಿಂದ ಸ್ಥಾಪನೆ ಸರಾಗವಾಗಿ ಮುಗಿದು, ತಿಂಗಳುಗಟ್ಟಲೆ ಯಂತ್ರ ಚೆನ್ನಾಗಿಯೇ ನಡೆಯುತ್ತದೆ. ಒಂದು ದಿನ ಅಪ್‌ಡೇಟಿನಲ್ಲಿ ಬಂದ ಹೊಸ ಕರ್ನಲ್ ಕಡತ ಆ ಗಡಿಯಾಚೆ ಕೂತರೆ, ಮರುದಿನ ಬೂಟ್ ಇಲ್ಲ. ‘ನಿನ್ನೆವರೆಗೂ ಚಲೋ ಇತ್ತ್ರಿ’ ಎಂಬ ಮಾತನ್ನು ಅನುಮಾನಿಸಬಾರದು. ಅದೇ ಇಲ್ಲಿ ಸಾಕ್ಷ್ಯ. ಡಿಸ್ಕಿನ ಆರಂಭದಲ್ಲೇ ಬೂಟ್‌ಗೆಂದು ಒಂದು ಸಣ್ಣ ಪಾರ್ಟಿಶನ್ ಬಿಟ್ಟರೆ ಈ ತೊಡಕು ಹುಟ್ಟುವುದೇ ಇಲ್ಲ.

ಪ್ರೊಸೆಸರಿನ ಕಡೆಯ ತೊಡಕುಗಳು ಎರಡು ಮಾತಿನಲ್ಲಿ ಮುಗಿಯುತ್ತವೆ. 2003–05ರ ಸುಮಾರಿನ ಕೆಲವು ಪೆಂಟಿಯಂ ಎಂ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚು ಮೆಮೊರಿಯನ್ನು ತಲುಪುವ ಪಿಎಇ ಸೌಲಭ್ಯವಿದ್ದರೂ ಚಿಪ್ ಅದನ್ನು ಹೇಳಿಕೊಳ್ಳುವುದಿಲ್ಲ. ಬೂಟ್ ಸಾಲಿಗೆ ‘ಫೋರ್ಸ್‌ಪಿಎಇ’ ಸೇರಿಸಬೇಕು. ಆಟಂ ಬೇ ಟ್ರೇಲ್ ಇರುವ ಹಲವು ಯಂತ್ರಗಳಲ್ಲಿ ಪ್ರೊಸೆಸರ್ 64 ಬಿಟ್, ಬಯಾಸಿನ ಜಾಗದಲ್ಲಿರುವ ಯುಇಎಫ್‌ಐ 32 ಬಿಟ್. ಈ ಬೆರಕೆಗೆ ಡೆಬಿಯನ್ 2015ರ 8ನೇ ಆವೃತ್ತಿಯಿಂದ ದಾರಿ ಮಾಡಿದೆ.

ಹಳೆಯ ಗ್ರಾಫಿಕ್ಸ್ ಚಿಪ್ಪಿನಿಂದ ಪರದೆ ಕಪ್ಪಾದರೆ ಬೂಟ್ ಸಾಲಿಗೆ ‘ನೋಮೋಡ್‌ಸೆಟ್’ ಹಾಕುತ್ತೇವೆ. ಅದಕ್ಕೂ ಬಗ್ಗದಿದ್ದರೆ ಅಕ್ಷರರೂಪದ ಇನ್‌ಸ್ಟಾಲರಿಗೆ ಹೋಗುತ್ತೇವೆ. ಕನ್ನಡ ನಮ್ಮ ಕೈತಪ್ಪುವುದು ಸರಿಯಾಗಿ ಈ ತಿರುವಿನಲ್ಲಿ. 2011ರ ಡೆಬಿಯನ್ 6ರಲ್ಲಿ ಸ್ಥಾಪನೆಗೆ ಕನ್ನಡ ಸೇರಿತು, ಆದರೆ ಚಿತ್ರರೂಪದ ಇನ್‌ಸ್ಟಾಲರಿನಲ್ಲಿ ಮಾತ್ರ. ಲಿನಕ್ಸಿನ ಅಕ್ಷರ ಪರದೆ ಒಂದು ಸಲಕ್ಕೆ ಹೆಚ್ಚೆಂದರೆ 512 ಆಕಾರಗಳನ್ನು ಹಿಡಿದು, ಒಂದು ಚೌಕಕ್ಕೆ ಒಂದರಂತೆ ಮೂಡಿಸುತ್ತದೆ. ಗುಣಿತ, ಒತ್ತಕ್ಷರಗಳನ್ನು ಕೂಡಿಸಿ ಬರೆಯುವ ಕನ್ನಡಕ್ಕೆ ಆ ಚೌಕ ಒಗ್ಗದು. ಹೊಸ ಯಂತ್ರದವನಿಗೆ ಕನ್ನಡ ಸಿಗುತ್ತದೆ. ಹಳೆಯ ಯಂತ್ರದೆದುರು ತೊಡಕಿನಲ್ಲಿ ಕೂತವನಿಗೆ, ಅದರ ಅಗತ್ಯ ಹೆಚ್ಚಿದ್ದಾಗಲೇ, ಸಿಗುವುದಿಲ್ಲ. ಇದು ನನ್ನನ್ನು ಬಹಳ ಕಾಡುವ ಸಂಗತಿ.

ತಂತ್ರಾಂಶ ಬದಲಾಗುವವರೆಗೆ ಕಾಗದವೇ ಗತಿ. ಶಾಲೆಯ ಕಂಪ್ಯೂಟರ್ ಕೋಣೆಯ ಗೋಡೆಗೆ ಅಂಟಿಸಬಹುದಾದ ಒಂದು ಹಾಳೆ ನನ್ನ ಮನಸ್ಸಿನಲ್ಲಿದೆ. ‘ಬೂಟ್ ಡಿವೈಸ್ ಇಲ್ಲ’ ಎಂದರೆ: ತಾರೀಖು ನೋಡಿ, ಸೆಲ್ ನೋಡಿ, ಆಮೇಲೆ ಬೂಟ್ ಆರ್ಡರ್. ‘ಗ್ರಬ್ ರೆಸ್ಕ್ಯೂ’ ಎಂದರೆ: ಡಿಸ್ಕ್ ಜೀವಂತವಿದೆ, ವಿಳಾಸ ತಪ್ಪಿದೆ, ಫಾರ್ಮ್ಯಾಟ್ ಬೇಡ. ‘ಇನಿಟ್‌ರ‍್ಯಾಮ್‌ಎಫ್‌ಎಸ್’ ಎಂದು ನಿಂತರೆ: ಕರ್ನಲ್ ಎದ್ದಿದೆ, ಮೂಲ ಪಾರ್ಟಿಶನ್ ಸಿಕ್ಕಿಲ್ಲ, ಡಿಸ್ಕಿನ ಕೇಬಲ್ ಒತ್ತಿ ನೋಡಿ. ಹಾಳೆಯ ನೆತ್ತಿಯ ಮೇಲೆ, ದೊಡ್ಡ ಅಕ್ಷರದಲ್ಲಿ: ಎಲ್ಲಿ ನಿಂತೈತಿ?