ಅರ್ಜಿಯಲ್ಲಿ ಶಾಲೆಯ ಪಾಲು: ಅಮೆರಿಕದ ವಿಶ್ವವಿದ್ಯಾಲಯಗಳ ಪ್ರವೇಶ ಮತ್ತು ಕರ್ನಾಟಕದ ಪಿಯು ವಿದ್ಯಾರ್ಥಿ

ಅಮೆರಿಕದ ಹೆಸರಾಂತ ವಿಶ್ವವಿದ್ಯಾಲಯಗಳಲ್ಲಿ ಪದವಿಗೆ ಸೇರಲು ಅಂಕವೊಂದೇ ಸಾಲದು, ವ್ಯಕ್ತಿತ್ವವನ್ನೂ ನೋಡುತ್ತಾರೆ ಎಂಬುದು ಈಗ ಎಲ್ಲರಿಗೂ ತಿಳಿದ ಮಾತು. ಆ ಪದ್ಧತಿಯ ಹುಟ್ಟು ಮಾತ್ರ ಅಷ್ಟೇನೂ ಉದಾತ್ತವಲ್ಲ. 1922ರ ಹೊತ್ತಿಗೆ ಹಾರ್ವರ್ಡ್‌ಗೆ ಹೊಸದಾಗಿ ಸೇರುವವರಲ್ಲಿ ಐದನೇ ಒಂದು ಭಾಗಕ್ಕೂ ಹೆಚ್ಚು ಯಹೂದಿಗಳಿದ್ದರು. ಇದಕ್ಕೆ ಮಿತಿ ಹಾಕಬೇಕೆಂದು ಅಧ್ಯಕ್ಷ ಲಾರೆನ್ಸ್ ಲೋವೆಲ್ ಹೊರಟಾಗ ಅಧ್ಯಾಪಕರ ಸಮಿತಿ ಒಪ್ಪಲಿಲ್ಲ. 1926ರಲ್ಲಿ ಅದೇ ಉದ್ದೇಶ ಬೇರೆ ದಾರಿಯಿಂದ ನೆರವೇರಿತು: ಪ್ರವೇಶ ಸಂಖ್ಯೆ 1,000ಕ್ಕೆ ಸೀಮಿತವಾಯಿತು, ಆಯ್ಕೆಯಲ್ಲಿ ಶೀಲ-ಸ್ವಭಾವಕ್ಕೆ ತೂಕ ಬಂತು, ಅರ್ಜಿಗೆ ಭಾವಚಿತ್ರ ಅಂಟಿಸಬೇಕಾಯಿತು. ಜೆರೋಮ್ ಕ್ಯಾರಬೆಲ್ ಅವರ ‘ದಿ ಚೋಸನ್’ (2005) ಈ ಚರಿತ್ರೆಯನ್ನು ದಾಖಲೆಗಳ ಸಮೇತ ಬಿಡಿಸಿಟ್ಟಿದೆ.

ಇಂದಿನ ಪ್ರವೇಶಾಧಿಕಾರಿಗಳ ಉದ್ದೇಶ ಬೇರೆ. ಫಲ ಎಷ್ಟು ಬೇರೆ ಎಂಬುದು ಪ್ರಶ್ನೆ. ರಾಜ್ ಚೆಟ್ಟಿ, ಡೇವಿಡ್ ಡೆಮಿಂಗ್, ಜಾನ್ ಫ್ರೀಡ್‌ಮನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪ್ರವೇಶ ಪರೀಕ್ಷೆಯಲ್ಲಿ ಒಂದೇ ಅಂಕ ಪಡೆದಿದ್ದರೂ, ಅತಿ ಶ್ರೀಮಂತ ಶೇ. 1ರಷ್ಟು ಕುಟುಂಬಗಳ ಮಕ್ಕಳು ಇಂಥ ವಿಶ್ವವಿದ್ಯಾಲಯಗಳಿಗೆ ಸೇರುವ ಸಾಧ್ಯತೆ ಮಧ್ಯಮ ವರ್ಗದವರಿಗಿಂತ ಎರಡು ಪಟ್ಟಿಗೂ ಹೆಚ್ಚು. ಹಳೆಯ ವಿದ್ಯಾರ್ಥಿಗಳ ಮಕ್ಕಳೆಂಬ ರಿಯಾಯಿತಿ ಮತ್ತು ಕ್ರೀಡಾಪಟುಗಳ ನೇಮಕದ ಜೊತೆಗೆ ಅವರು ಕೊಡುವ ಮೂರನೆಯ ಕಾರಣ ಪಠ್ಯೇತರ ಅರ್ಹತೆಗಳ ಶ್ರೇಣಿ. ಈ ಶ್ರೇಣಿ ದುಬಾರಿ ಖಾಸಗಿ ಶಾಲೆಗಳ ಮಕ್ಕಳಿಗೆ ಹೆಚ್ಚಾಗಿ ಒಲಿಯುತ್ತದೆ. ಆ ಶಾಲೆಗಳು ಮಕ್ಕಳಿಗೆ ಪಾಠ ಹೇಳುವುದಷ್ಟೇ ಅಲ್ಲ, ಮಕ್ಕಳ ಬಗ್ಗೆ ಬರೆಯುವುದನ್ನೂ ಬಲ್ಲವು.

ನನ್ನ ವಾದ ಹೊರಡುವುದು ಇಲ್ಲಿಂದಲೇ. ಅರ್ಜಿಯನ್ನು ಬಲಪಡಿಸುವುದೆಂದರೆ ಪ್ರಬಂಧ ತಿದ್ದಿಸುವುದು, ಚಟುವಟಿಕೆಗಳನ್ನು ಕೂಡಿಹಾಕುವುದು ಎಂಬ ನಂಬಿಕೆಯ ಮೇಲೆ ಸಲಹಾ ಕೇಂದ್ರಗಳ ವ್ಯಾಪಾರ ನಿಂತಿದೆ. ‘ಕಾಮನ್ ಆ್ಯಪ್’ ಅರ್ಜಿಯಲ್ಲಿ ಪ್ರಬಂಧಕ್ಕೆ ಸಿಗುವುದು 650 ಪದ. ಚಟುವಟಿಕೆಗಳು ಹತ್ತೇ, ಒಂದೊಂದರ ವಿವರಣೆಗೆ 150 ಅಕ್ಷರ. ಇವು ವಿದ್ಯಾರ್ಥಿಯ ಪಾಲು. ಶಾಲೆಯ ಪರಿಚಯ ಪತ್ರ, ಸಲಹೆಗಾರರ ವರದಿ, ಅಧ್ಯಾಪಕರ ಶಿಫಾರಸು, ನಾಲ್ಕು ವರ್ಷಗಳ ಅಂಕ ದಾಖಲೆ ಶಾಲೆಯ ಪಾಲು. ಮೈಕೆಲ್ ಬ್ಯಾಸ್ಟೆಡೊ ಮತ್ತು ನಿಕೊಲಸ್ ಬೋಮನ್ ಅಮೆರಿಕದ ಪ್ರವೇಶಾಧಿಕಾರಿಗಳಿಗೇ ಕಲ್ಪಿತ ಅರ್ಜಿಗಳನ್ನು ಕೊಟ್ಟು ಪ್ರಯೋಗ ಮಾಡಿದರು. ಶಾಲೆಯ ಪರಿಸ್ಥಿತಿಯ ವಿವರ ಹೆಚ್ಚಿದ್ದಾಗ ಬಡ ವಿದ್ಯಾರ್ಥಿಯನ್ನು ಆರಿಸುವ ಸಂಭವವೂ ಹೆಚ್ಚಿತು. ಡಾರ್ಟ್‌ಮತ್ 2024ರಲ್ಲಿ ಪರೀಕ್ಷಾ ಅಂಕವನ್ನು ಮತ್ತೆ ಕಡ್ಡಾಯ ಮಾಡಿದ್ದರ ಹಿಂದೆಯೂ ಇದೇ ತಿಳಿವಳಿಕೆ ಇದೆ: ಅನುಕೂಲವಿಲ್ಲದ ಶಾಲೆಗಳ ಮಕ್ಕಳು, ಅಲ್ಲಿನ ಮಟ್ಟಕ್ಕೆ ಅಸಾಧಾರಣವೆನಿಸುವ ಅಂಕವನ್ನೂ ಸಾಲದೆಂದು ಮುಚ್ಚಿಟ್ಟು ಅವಕಾಶ ಕಳೆದುಕೊಳ್ಳುತ್ತಿದ್ದರು.

ಪರಿಸ್ಥಿತಿಯನ್ನು ಲೆಕ್ಕಕ್ಕೆ ಹಿಡಿಯುವುದು ನಮಗೇನೂ ಹೊಸದಲ್ಲ. ಸಿಇಟಿ ಸೀಟು ಹಂಚಿಕೆಯಲ್ಲಿ ಗ್ರಾಮೀಣ ವ್ಯಾಸಂಗಕ್ಕೆ ಶೇ. 15, ಕನ್ನಡ ಮಾಧ್ಯಮಕ್ಕೆ ಶೇ. 5 ಮೀಸಲು, ಒಂದರಿಂದ ಹತ್ತನೇ ತರಗತಿವರೆಗಿನ ವ್ಯಾಸಂಗ ಪ್ರಮಾಣಪತ್ರಕ್ಕೆ ಸಹಿ ಬಿದ್ದರೆ ಕೆಲಸ ಮುಗಿಯಿತು. ಅಮೆರಿಕದ ಓದುಗನಿಗೆ ಅದೇ ಸಂಗತಿಯನ್ನು ಯಾರಾದರೂ ಬಿಡಿಸಿ ಹೇಳಬೇಕು. ಹೇಳುವವರು ಯಾರು? ಸಾಮಾನ್ಯ ಪಿಯು ಕಾಲೇಜಿನಲ್ಲಿ ಇದಕ್ಕೆಂದೇ ಸಲಹೆಗಾರರಿಲ್ಲ. ಒಂಬತ್ತು, ಹತ್ತನೇ ತರಗತಿಯ ದಾಖಲೆ ಪ್ರೌಢಶಾಲೆಯಲ್ಲಿರುತ್ತದೆ, ಮುಂದಿನ ಎರಡು ವರ್ಷದ್ದು ಕಾಲೇಜಿನಲ್ಲಿ. ಹುಡುಗಿಯನ್ನು ಐದು ವರ್ಷ ಕಂಡ ಮೇಷ್ಟ್ರು ಹಳ್ಳಿಯಲ್ಲಿ ಉಳಿದರೆ, ಒಂದೂವರೆ ವರ್ಷ ತುಂಬಿದ ತರಗತಿಯಲ್ಲಿ ನೋಡಿದ ಉಪನ್ಯಾಸಕರು ಪತ್ರ ಬರೆಯಬೇಕು. ಆ ಪತ್ರ ‘ನಡತೆ ತೃಪ್ತಿಕರ’ ಎಂಬ ವರ್ಗಾವಣೆ ಪತ್ರದ ಒಕ್ಕಣೆಯಲ್ಲೇ ನಿಂತುಬಿಡುವುದರಲ್ಲಿ ಆಶ್ಚರ್ಯವಿಲ್ಲ. ದ್ವಿತೀಯ ಪಿಯು ಫಲಿತಾಂಶಕ್ಕೆ ಮೊದಲೇ ಅರ್ಜಿಯ ಗಡುವು ಮುಗಿಯುವುದರಿಂದ ಕಾಲೇಜಿನ ಆಂತರಿಕ ಪರೀಕ್ಷೆಯ ಅಂಕಗಳೇ ಮುಖ್ಯವಾಗುತ್ತವೆ.

ಹಾಗಾಗಿ ಪ್ರಬಂಧದ ಹತ್ತನೇ ಕರಡಿಗಿಂತ ಪ್ರಾಂಶುಪಾಲರು ಸಹಿ ಮಾಡುವ ಒಂದೂವರೆ ಪುಟದ ಪರಿಚಯ ಪತ್ರ ಹೆಚ್ಚು ಕೆಲಸ ಮಾಡಬಲ್ಲದು: ಕಾಲೇಜಿನಲ್ಲಿ ಯಾವ ವಿಷಯಗಳಿವೆ, ಪ್ರಯೋಗಾಲಯ ಇದೆಯೇ, 600ಕ್ಕೆ 540 ಎಂದರೆ ಆ ಕಾಲೇಜಿನಲ್ಲಿ ಎಂಥ ಸಾಧನೆ, ಎಷ್ಟು ಮಕ್ಕಳು ಮನೆಯಲ್ಲಿ ಮೊದಲ ಪದವೀಧರರಾಗಲಿದ್ದಾರೆ. ಹಳ್ಳಿಯ ಮೇಷ್ಟ್ರಿಂದ ಹೆಚ್ಚುವರಿ ಪತ್ರವೊಂದನ್ನು ಪಡೆಯುವುದೂ ಒಳ್ಳೆಯದು. ಅವರು ಕನ್ನಡದಲ್ಲೇ ಬರೆಯಲಿ, ಇಂಗ್ಲಿಷ್ ಅನುವಾದ ಜೊತೆಗಿರಲಿ.

ಪತ್ರ ಎಷ್ಟೇ ಚೆನ್ನಾಗಿದ್ದರೂ ಹಣದ ಪ್ರಶ್ನೆ ಉಳಿಯುತ್ತದೆ. ವಿದೇಶಿ ಅರ್ಜಿದಾರರ ನೆರವಿನ ಅಗತ್ಯವನ್ನು ಆಯ್ಕೆಯ ವೇಳೆ ಬಹುತೇಕ ವಿಶ್ವವಿದ್ಯಾಲಯಗಳು ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್, ಡಾರ್ಟ್‌ಮತ್ ಮೊದಲಾದ ಕೆಲವು ಮಾತ್ರ ಹಾಗೆ ಮಾಡುವುದಿಲ್ಲ. ಬಡ ವಿದ್ಯಾರ್ಥಿಗೆ ಈ ಪಟ್ಟಿ ಕಾಲೇಜುಗಳ ರ‍್ಯಾಂಕಿಂಗ್‌ಗಿಂತ ಮೊದಲು ಬೇಕಾದ ಮಾಹಿತಿ.