ಹಿನ್ನೀರಿನ ದೋಣಿಗೆ ಯಾವ ಎಂಜಿನ್? ಬಾಳಿಕೆ, ನಿರ್ವಹಣೆಯ ಒಂದು ತುಲನೆ

ತರೀಕೆರೆ: ಕಡೂರು, ಅಜ್ಜಂಪುರದ ಬಯಲಿನಲ್ಲಿ ಎಂಜಿನ್ ಎಂದರೆ ಟ್ರ್ಯಾಕ್ಟರು, ಮೋಟಾರ್ ಎಂದರೆ ಕೊಳವೆಬಾವಿಯ ಪಂಪು. ಪಕ್ಕದ ತರೀಕೆರೆ ತಾಲೂಕಿನ ಲಕ್ಕವಳ್ಳಿಗೆ ಬಂದರೆ ಚಿತ್ರ ಬೇರೆ. ಇಲ್ಲಿನ ಭದ್ರಾ ಹಿನ್ನೀರಿನಲ್ಲಿ ವನ್ಯಜೀವಿ ವೀಕ್ಷಣೆಗೆ ಹೊರಡುವ ಪ್ರವಾಸಿಗರ ಸುರಕ್ಷತೆಯು ದೋಣಿಯ ಹಿಂಬದಿಗೆ ಬಿಗಿದ ಔಟ್‌ಬೋರ್ಡ್ ಎಂಜಿನ್ನನ್ನು ಅವಲಂಬಿಸಿದೆ. ಸಂಜೆಗತ್ತಲಲ್ಲಿ ಅದು ನಡುನೀರಿನಲ್ಲಿ ಕೈಕೊಟ್ಟರೆ ಒಂದು ದಡದಲ್ಲಿ ಹುಲಿ ಸಂರಕ್ಷಿತಾರಣ್ಯ, ಇನ್ನೊಂದು ದಡ ಬಹುದೂರ. ಆದ್ದರಿಂದ ಎಂಜಿನ್ ಕೊಳ್ಳುವಾಗ ಅಶ್ವಶಕ್ತಿ, ಬೆಲೆಗಳಿಗಿಂತ ಮೊದಲು ಪರಿಶೀಲಿಸಬೇಕಾದುದು ಬಾಳಿಕೆ ಮತ್ತು ನಿರ್ವಹಣೆ.

ಟು-ಸ್ಟ್ರೋಕ್, ಫೋರ್-ಸ್ಟ್ರೋಕ್

ಅಮೆರಿಕದ ಓಲೆ ಎವಿನ್‌ರೂಡ್ 1909ರಲ್ಲಿ ಮಾರುಕಟ್ಟೆಗೆ ತಂದ ಔಟ್‌ಬೋರ್ಡ್ ಎಂಜಿನ್ ಈ ವರ್ಗಕ್ಕೆ ಜನಪ್ರಿಯತೆ ತಂದುಕೊಟ್ಟಿತು. ದಶಕಗಳ ಕಾಲ ಟು-ಸ್ಟ್ರೋಕ್ ಎಂಜಿನ್ನುಗಳೇ ನೀರನ್ನು ಆಳಿದವು. ಇವುಗಳಲ್ಲಿ ಬಿಡಿಭಾಗ ಕಡಿಮೆ, ತೂಕ ಕಡಿಮೆ, ದುರಸ್ತಿ ಸುಲಭ. ಕರ್ನಾಟಕ ಕರಾವಳಿಯ ನಾಡದೋಣಿಗಳು ಸೀಮೆಎಣ್ಣೆಯಿಂದ ಓಡುವ ಇಂಥ ಎಂಜಿನ್ನುಗಳನ್ನು ನೆಚ್ಚಿಕೊಳ್ಳಲು ಇದೂ ಒಂದು ಕಾರಣ. ದೋಷವೆಂದರೆ, ಕಾರ್ಬ್ಯುರೇಟರ್ ಇರುವ ಹಳೆಯ ಮಾದರಿಗಳಲ್ಲಿ ಇಂಧನದ ಸುಮಾರು ಕಾಲು ಭಾಗ ಉರಿಯದೆಯೇ ಹೊರಹೋಗುತ್ತದೆ. ಇಂಧನದೊಂದಿಗೆ ಬೆರೆತ ಆಯಿಲ್ ನೀರಿಗೂ ಸೇರುತ್ತದೆ.

ಹೋಂಡಾ 1964ರಲ್ಲೇ ಫೋರ್-ಸ್ಟ್ರೋಕ್ ಔಟ್‌ಬೋರ್ಡ್ ತಯಾರಿಕೆಗೆ ಇಳಿಯಿತು. ಇಂದು ದೊಡ್ಡ ಅಶ್ವಶಕ್ತಿಯ ವರ್ಗದಲ್ಲಿ ಈ ಬಗೆಯದೇ ಪ್ರಾಬಲ್ಯ. ಇಂಧನ ಉಳಿತಾಯ ಮತ್ತು ಕಡಿಮೆ ಸದ್ದು ಇದರ ಗುಣಗಳು. ಬೇಸಿಗೆಯಲ್ಲಿ ರಿವರ್ ಟರ್ನ್ ಹಕ್ಕಿಗಳು ನಡುಗಡ್ಡೆಗಳಲ್ಲಿ ಮೊಟ್ಟೆಯಿಡುವ ಭದ್ರಾ ಹಿನ್ನೀರಿನಂಥ ಕಡೆ ಸದ್ದಿನ ಪ್ರಶ್ನೆ ಸಣ್ಣದಲ್ಲ. ಆದರೆ ವಾಲ್ವ್, ಆಯಿಲ್ ಫಿಲ್ಟರ್, ಎಲೆಕ್ಟ್ರಾನಿಕ್ ನಿಯಂತ್ರಣಗಳಿಂದಾಗಿ ದುರಸ್ತಿಗೆ ತರಬೇತಾದ ಮೆಕ್ಯಾನಿಕ್ ಬೇಕು.

ದೊಡ್ಡ ಎಂಜಿನ್ನುಗಳ ವ್ಯತ್ಯಾಸ

200 ಅಶ್ವಶಕ್ತಿ ಮೀರಿದ ಎಂಜಿನ್ನುಗಳಲ್ಲಿ ಬಾಳಿಕೆಯ ವ್ಯತ್ಯಾಸ ಒಳಗಿನ ರಚನೆಯಲ್ಲಿದೆ. ಸುಜುಕಿಯ ಮಾದರಿಗಳಲ್ಲಿ ಎಣ್ಣೆಯಲ್ಲಿ ಮುಳುಗಿ ಓಡುವ ಟೈಮಿಂಗ್ ಚೈನ್ ಇದ್ದು, ನಿಗದಿತ ಅವಧಿಗೆ ಬದಲಿಸುವ ಗೋಜಿಲ್ಲ. ಯಮಾಹಾದ ಹಲವು ವಿ-6 ಮಾದರಿಗಳಲ್ಲಿ ಬೆಲ್ಟ್ ಇದ್ದು, ಸಾಮಾನ್ಯವಾಗಿ 1000 ಗಂಟೆ ಅಥವಾ 5 ವರ್ಷಕ್ಕೊಮ್ಮೆ ಬದಲಿಸಬೇಕು. ಮರ್ಕ್ಯುರಿ ಸಂಸ್ಥೆ 2004ರಲ್ಲಿ ಸೂಪರ್‌ಚಾರ್ಜರ್ ಅಳವಡಿಸಿದ ಎಂಜಿನ್ನುಗಳನ್ನು ತಂದಿತ್ತು. 2018ರಲ್ಲಿ ಸೂಪರ್‌ಚಾರ್ಜರ್ ಇಲ್ಲದ, ಹೆಚ್ಚು ಗಾತ್ರದ ವಿ-6, ವಿ-8 ಎಂಜಿನ್ನುಗಳನ್ನು ಹೊರತಂದಿತು.

ಬಿಡಿಭಾಗಗಳ ಲಭ್ಯತೆ ಇನ್ನೊಂದು ಅಳತೆಗೋಲು. ಎವಿನ್‌ರೂಡ್ ಹೆಸರಿನ ಎಂಜಿನ್ ತಯಾರಿಕೆ 2020ರಲ್ಲಿ ನಿಂತುಹೋಯಿತು. ಎಂಜಿನ್ ಎಷ್ಟೇ ಗಟ್ಟಿಯಾಗಿದ್ದರೂ ಬಿಡಿಭಾಗ ಸಿಗದಿದ್ದರೆ ಅದು ಗುಜರಿಯೇ.

ಚೆನ್ನಾಗಿ ನೋಡಿಕೊಂಡ ಫೋರ್-ಸ್ಟ್ರೋಕ್ ಎಂಜಿನ್ 1500ರಿಂದ 3000 ಗಂಟೆ ದುಡಿಯುತ್ತದೆ ಎಂಬುದು ಸಾಮಾನ್ಯ ಅಂದಾಜು. ಆದರೆ ನಿಧಾನವಾಗಿ ಸಾಗುವ ವೀಕ್ಷಣಾ ದೋಣಿಗೆ ಅಗತ್ಯ ಮೀರಿದ ಶಕ್ತಿ ಲಾಭವಲ್ಲ. ದೊಡ್ಡ ಎಂಜಿನ್ ಸದಾ ಮಂದಗತಿಯಲ್ಲಿ ಓಡಿದರೆ ಸರಿಯಾಗಿ ಕಾಯದೆ, ಪೆಟ್ರೋಲ್ ಇಳಿದು ಆಯಿಲ್ ತೆಳುವಾಗುವ ಸಂಭವವಿದೆ. ಸಣ್ಣ ಎಂಜಿನ್ ಸದಾ ಪೂರ್ಣ ವೇಗದಲ್ಲಿ ದುಡಿದರೆ ಬೇಗ ಸವೆಯುತ್ತದೆ.

ಸಿಹಿನೀರಿನ ಸವಾಲು

ಸಮುದ್ರದಲ್ಲಿ ಎಂಜಿನ್ನಿನ ಮೊದಲ ಶತ್ರು ಉಪ್ಪು. ಭದ್ರೆಯಲ್ಲಿ ಆ ಕಾಟವಿಲ್ಲ. ತುಕ್ಕು ತಡೆಯಲು ಎಂಜಿನ್ನಿಗೆ ಜೋಡಿಸುವ ಆನೋಡ್ ಸಮುದ್ರಕ್ಕೆ ಸತುವಿನದಾದರೆ, ಸಿಹಿನೀರಿಗೆ ಮೆಗ್ನೀಸಿಯಂನದು ಸೂಕ್ತ. ಇಲ್ಲಿನ ಶತ್ರು ಬೇರೆ. ಜಲಾಶಯದ ಪೂರ್ಣಮಟ್ಟ 186 ಅಡಿ, ಸಾಮರ್ಥ್ಯ 71.5 ಟಿಎಂಸಿ. ಬೇಸಿಗೆಯಲ್ಲಿ ನೀರು ಇಳಿದಂತೆ ಮುಳುಗಿದ್ದ ಮರಗಳ ಬೊಡ್ಡೆಗಳು ಪ್ರೊಪೆಲ್ಲರ್‌ಗೆ ಎಟುಕುತ್ತವೆ. ಉಕ್ಕಿನ ಪ್ರೊಪೆಲ್ಲರ್ ಗಟ್ಟಿ, ಆದರೆ ಹೊಡೆತವನ್ನು ಗೇರ್‌ಗೆ ದಾಟಿಸುತ್ತದೆ. ಅಲ್ಯೂಮಿನಿಯಂನದು ತಾನು ಬಾಗಿ ಗೇರನ್ನು ಕಾಪಾಡುತ್ತದೆ. ಇಂಥ ನೀರಿಗೆ ಅಗ್ಗದ ಎರಡನೆಯದೇ ಲೇಸು.

ತಳದ ಕೆಸರು ನೀರೆತ್ತುವ ರಬ್ಬರ್ ಇಂಪೆಲ್ಲರನ್ನು ಸವೆಸುತ್ತದೆ. ಎಂಜಿನ್ ಹಿಂಬದಿಯಿಂದ ಚಿಮ್ಮುವ ನೀರಿನ ಧಾರೆ ಸಣ್ಣದಾದರೆ ಅದೇ ಮೊದಲ ಎಚ್ಚರಿಕೆ.

ಪೆಟ್ರೋಲ್ ತಂದ ಹೊಸ ತೊಡಕು

ಶೇ. 20 ಎಥೆನಾಲ್ ಬೆರೆತ ಪೆಟ್ರೋಲ್‌ಗೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ದೊರೆಯಿತು. ಈಗ ದೇಶದ ಬಂಕುಗಳಲ್ಲಿ ಅದೇ ಸಾಮಾನ್ಯ ಇಂಧನ. ಪ್ರಮುಖ ಔಟ್‌ಬೋರ್ಡ್ ತಯಾರಕರ ಕೈಪಿಡಿಗಳು ಮಾತ್ರ ಸಾಮಾನ್ಯವಾಗಿ ಶೇ. 10ರ ಮಿತಿಯನ್ನು ಹೇಳುತ್ತವೆ. ಎಥೆನಾಲ್ ತೇವಾಂಶವನ್ನು ಹೀರುತ್ತದೆ. ಟ್ಯಾಂಕಿನಲ್ಲಿ ಬಹುಕಾಲ ನಿಂತರೆ ನೀರಿನೊಡನೆ ಕೆಳಗೆ ಬೇರ್ಪಟ್ಟು ಎಂಜಿನ್ನನ್ನು ಕೆಡಿಸುತ್ತದೆ. ಕೊಳ್ಳುವ ಮುನ್ನ ಆಯಾ ಮಾದರಿಗೆ ಈ ಇಂಧನ ಸಮ್ಮತವೇ ಎಂದು ತಯಾರಕರಿಂದ ಖಚಿತಪಡಿಸಿಕೊಳ್ಳುವುದು ಒಳಿತು.

ಮಳೆಗಾಲದಲ್ಲಷ್ಟೇ ನೀರಿಗಿಳಿಯುವ ರಕ್ಷಣಾ ದೋಣಿಗಳಿಗೆ ಈ ಅಪಾಯ ಇನ್ನೂ ಹೆಚ್ಚು. ದುಡಿಯುವ ಎಂಜಿನ್ನಿಗಿಂತ ಗೋದಾಮಿನಲ್ಲಿ ಮಲಗಿದ ಎಂಜಿನ್ ಬೇಗ ಕೆಡುತ್ತದೆ.

ನಿರ್ವಹಣೆಯ ಪಟ್ಟಿ

* ಹೊಸ ಎಂಜಿನ್ನಿಗೆ ಮೊದಲ 20 ಗಂಟೆಯ ತಪಾಸಣೆ ತಪ್ಪಿಸಕೂಡದು.
* ಪ್ರತಿ 100 ಗಂಟೆ ಅಥವಾ ವರ್ಷಕ್ಕೊಮ್ಮೆ ಎಂಜಿನ್ ಆಯಿಲ್, ಫಿಲ್ಟರ್, ಗೇರ್ ಆಯಿಲ್ ಬದಲಿಸಬೇಕು.
* ಗೇರ್ ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ಸೀಲ್ ಒಡೆದು ನೀರು ಸೇರಿದೆ ಎಂದರ್ಥ. ಪ್ರೊಪೆಲ್ಲರ್ ಹಿಂದೆ ಸುತ್ತಿಕೊಂಡ ಬಲೆಯ ದಾರವೂ ಸೀಲನ್ನು ಕತ್ತರಿಸಬಲ್ಲದು.
* ಇಂಪೆಲ್ಲರ್ ಅನ್ನು 2-3 ವರ್ಷಕ್ಕೊಮ್ಮೆ, ಕೆಸರು ನೀರಿನಲ್ಲಿ ಅದಕ್ಕೂ ಮೊದಲೇ ಬದಲಿಸಬೇಕು.
* ನೀರು ಬೇರ್ಪಡಿಸುವ ಫಿಲ್ಟರ್ ಇರಲಿ. ವಾರಗಟ್ಟಲೆ ಹಳೆಯ ಪೆಟ್ರೋಲ್ ಬೇಡ.
* ದುಡಿದ ಗಂಟೆಗಳನ್ನು ಪುಸ್ತಕದಲ್ಲಿ ಬರೆದಿಡಬೇಕು.

ಒಟ್ಟಿನಲ್ಲಿ, ಬಾಳಿಕೆಯನ್ನು ಎಂಜಿನ್ ಮೇಲಿನ ಹೆಸರಿಗಿಂತ ನೀರು, ಇಂಧನ ಮತ್ತು ಸಮೀಪದಲ್ಲಿ ಸಿಗುವ ಮೆಕ್ಯಾನಿಕ್ ನಿರ್ಧರಿಸುತ್ತಾರೆ. ಕೊಳ್ಳುವ ಹಣದ ಜತೆಗೆ ಪ್ರತಿವರ್ಷದ ನಿರ್ವಹಣೆಗೂ ಹಣ ತೆಗೆದಿಡುವವರ ದೋಣಿ ಮಾತ್ರ ಪ್ರತಿ ಸಂಜೆ ತನ್ನ ಶಕ್ತಿಯಿಂದಲೇ ದಡ ಸೇರುತ್ತದೆ.