‘ಬ್ಯಾಡ್ರೀ’ ಅಂದ್ರೂ ಬಿಡದ ಫೋನು

ಔರಾದ್ ತಾಲ್ಲೂಕಿನ ಒಂದು ಹೊಲದಲ್ಲಿ ಸೋಯಾಬೀನ್ ಬೆಳೆದ ಹಿರಿಯರೊಬ್ಬರನ್ನು ಮಾತಾಡಿಸ್ತಿದ್ದೆ. ಅಷ್ಟರಲ್ಲೇ ಮೂರು ಸಲ ಅವರ ಫೋನು ಬಡ್ಕೊಂಡಿತು. ಮೂರೂ ಸಲ ಕೈ ಒರೆಸಿಕೊಂಡು ಎತ್ತಿದ್ರು. ಮೂರೂ ಸಲ ‘ಲೋನ್ ಬೇಕಾ’ ಅನ್ನೋ ಕರೆ.

“ಎತ್ತದಿದ್ರೆ ಆಗಲ್ವಾ ಕಾಕಾ?” ಅಂದೆ.

“ಹೆಂಗ್ ಬಿಡ್ಲಿರೀ? ಬೆಳೆವಿಮಾದವರು ಇದ್ರ? ಮಗ ಹೈದರಾಬಾದಿನಾಗ ಅದಾನ, ಅವಂದೇ ಇದ್ರ?”

ಈ ಕಾಟಕ್ಕೂ ಒಂದು ಇತಿಹಾಸ ಇದೆ.

ಲ್ಯಾಂಡ್‌ಲೈನ್ ಕಾಲದಲ್ಲಿ ನಂಬರಿಗೊಂದು ಊರಿತ್ತು. 08482 ಅಂದ್ರೆ ಬೀದರ್, 08484 ಭಾಲ್ಕಿ, 08485 ಔರಾದ್. ಎಸ್‌ಟಿಡಿ ದುಬಾರಿ, ಗುರುತಿಲ್ಲದವರು ಸುಮ್ಮನೆ ಫೋನ್ ಮಾಡ್ತಿರಲಿಲ್ಲ. ಆಮೇಲೆ ಮೊಬೈಲ್ ಬಂತು. ಮೊದಮೊದಲು ಕರೆ ತಗೊಂಡವರಿಗೂ ದುಡ್ಡು ಕಟ್! 2003ರಲ್ಲಿ ಇನ್‌ಕಮಿಂಗ್ ಉಚಿತವಾಯ್ತು, ಕರೆ ದರವೂ ಇಳಿಯುತ್ತಾ ಹೋಯ್ತು. ನಮಗೂ ಖುಷಿ, ಸಾಲ ಮಾರೋರಿಗೂ ಖುಷಿ. ನೂರು ಜನ ಬೈದರೂ ಒಬ್ಬರು ಒಪ್ಪಿದರೆ ಸಾಕು.

2007ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದ್ರೆ ಟ್ರಾಯ್, ‘ಡು ನಾಟ್ ಕಾಲ್’ ಪಟ್ಟಿ ತಂತು. ಕರೆ ಬೇಡ ಅನ್ನೋರು ಹೋಗಿ ನಂಬರ್ ಬರೆಸಬೇಕು. ಗಮನಿಸಿ, ನಮ್ಮ ನೆಮ್ಮದಿಗೆ ನಾವೇ ಅರ್ಜಿ ಹಾಕಬೇಕು!

ಕಾಟ ನಿಂತಿತಾ? 2010ರ ನವೆಂಬರ್‌ನಲ್ಲಿ ಹಣಕಾಸು ಸಚಿವ ಪ್ರಣಬ್ ಮುಖರ್ಜಿ ವಿರೋಧ ಪಕ್ಷದ ನಾಯಕರ ಜೊತೆ ಸಭೆಯಲ್ಲಿದ್ದಾಗಲೇ ಫೋನ್ ಬಂತು. ಹೋಮ್ ಲೋನ್ ಬೇಕಾ ಅಂತ! ದೇಶದ ಖಜಾನೆ ನೋಡ್ಕೊಳ್ಳೋರಿಗೇ ಸಾಲದ ಆಫರ್. ಅದೇ ಡಿಸೆಂಬರ್ 1ಕ್ಕೆ ಟ್ರಾಯ್ ಹೊಸ ನಿಯಮ ಪ್ರಕಟಿಸಿತು, 2011ರ ಸೆಪ್ಟೆಂಬರ್ 27ರಿಂದ ಪೂರ್ತಿ ಜಾರಿಯಾಯ್ತು. ಟೆಲಿಮಾರ್ಕೆಟಿಂಗ್‌ನವರಿಗೆ 140ರಿಂದ ಶುರುವಾಗುವ ನಂಬರ್. ರಾತ್ರಿ 9ರಿಂದ ಬೆಳಗ್ಗೆ 9ರವರೆಗೆ ಕರೆ ಬಂದ್.

ಇಂಜಿನಿಯರಿಂಗ್ ಓದಿದ ನನ್ನ ತಲೆಗೆ ಇದು ಒಳ್ಳೆ ಉಪಾಯ ಅನ್ನಿಸುತ್ತೆ. ಊರು ಕಳಕೊಂಡ ನಂಬರಿಗೆ ಮತ್ತೆ ಗುರುತು ಕೊಟ್ಟಂಗಾಯ್ತು. ಆದ್ರೆ ನೋಂದಾಯಿಸಿದವರಿಗೆ ತಾನೇ 140? ಉಳಿದವರು ಮಾಮೂಲಿ ಹತ್ತಂಕಿಯ ನಂಬರ್‌ನಿಂದಲೇ ಶುರು ಮಾಡಿದ್ರು. ಕಾಕಾನಿಗೆ ಅದು ಮಗನ ನಂಬರಿನಂತೆಯೇ ಕಾಣುತ್ತೆ. 2024ರ ಮೊದಲ ಆರು ತಿಂಗಳಲ್ಲೇ ಇಂಥ ನೋಂದಣಿಯಿಲ್ಲದವರ ಮೇಲೆ 7.9 ಲಕ್ಷಕ್ಕೂ ಹೆಚ್ಚು ದೂರು. ಆಗಸ್ಟ್‌ನಲ್ಲಿ ಟ್ರಾಯ್ ಆದೇಶ ಬಂದ ಮೇಲೆ 2.75 ಲಕ್ಷ ಸಂಪರ್ಕ ಕಡಿತ.

ನಿಜವಾದ ತಿರುವು 2025ರ ಫೆಬ್ರವರಿ 12ರ ತಿದ್ದುಪಡಿ. ಪಟ್ಟಿಯಲ್ಲಿ ನಂಬರ್ ಬರೆಸದಿದ್ದರೂ ಇಂಥವರ ಮೇಲೆ ದೂರು ಕೊಡಬಹುದು. ದೂರಿಗೆ ಮೂರು ದಿನದ ಬದಲು ಏಳು ದಿನ. ಕ್ರಮಕ್ಕೆ ಮೂವತ್ತರ ಬದಲು ಐದು ದಿನ. ‘ಮೊದಲೇ ಬೇಡ ಅಂತ ಬರೆದುಕೊಟ್ಟಿದ್ರಾ?’ ಅಂತ ಇನ್ನು ಕೇಳೋ ಹಾಗಿಲ್ಲ. ಇಷ್ಟಕ್ಕೆ 18 ವರ್ಷ ಬೇಕಾಯ್ತು!

ಬೀದರ್ ಗಡಿ ಜಿಲ್ಲೆ. ಕನ್ನಡ, ಮರಾಠಿ, ಉರ್ದು, ತೆಲುಗು ಎಲ್ಲ ಓಡಾಡೋ ನೆಲ. ‘ಹಿಂದಿ ತಿಳಿಯಂಗಿಲ್ಲ’ ಅಂತ ತಪ್ಪಿಸಿಕೊಳ್ಳೋ ದಾರಿಯೂ ಇಲ್ಲಿ ಹಲವರಿಗಿಲ್ಲ. ಯಾವ ಭಾಷೆಯಲ್ಲಿ ಬೇಡ ಅಂದ್ರೂ ಆ ಕಡೆ ಕೇಳಿಸಲ್ಲ. ಓಣಿಗೆ ಬರ್ತಿದ್ದ ಬಳೆಗಾರ ‘ಬ್ಯಾಡ’ ಅಂದ್ರೆ ಮುಂದಿನ ಮನೆಗೆ ಹೋಗ್ತಿದ್ದ. ನಾಳೆ ಅದೇ ಓಣಿಗೆ ಅದೇ ಮುಖ ಹೊತ್ತು ಬರಬೇಕಿತ್ತಲ್ಲ! ಫೋನಿನಲ್ಲಿ ಮಾರೋರಿಗೆ ಆ ಮುಖವಿಲ್ಲ. ಅದನ್ನ ಅಂಟಿಸೋದು ಕಾನೂನಿನ ಕೆಲಸ.

ಆದ್ರೆ ಹೊಲದಲ್ಲಿರೋ ಕಾಕಾ ದೂರು ಬರೀತಾ ಕೂರಲ್ಲ. ಅದು ನಮ್ಮ ಕೆಲಸ. ಇವತ್ತು ರಾತ್ರಿ ಅಪ್ಪ-ಅಮ್ಮನ ಫೋನ್ ಕೈಗೆ ತಗೊಳ್ಳಿ. ಏಳು ದಿನದೊಳಗಿನ ಅಂಥ ಕರೆ ಇದ್ರೆ, ನಂಬರ್, ದಿನಾಂಕ ಸಮೇತ 1909ಕ್ಕೆ ದೂರು ಕೊಡಿ. ಮಗನ ಫೋನಿಗೆ ಕಾಯೋ ಅಪ್ಪ ನೆಮ್ಮದಿಯಿಂದ ‘ಹಲೋ’ ಅನ್ನಲಿ.